ಫೋಕಸ್ ಹಿಡಿಯದ ಕ್ಯಾಮೆರಾ, ಕೈಕೊಟ್ಟ ಡಿಸ್‌ಪ್ಲೇ: ಮನೆ, ಪೇಟೆ ಅಂಗಡಿ, ಸರ್ವಿಸ್ ಸೆಂಟರ್ ಮೂರನ್ನೂ ನೋಡಿದ ಮೇಲೆ

ಫೋನಿನ ಕ್ಯಾಮೆರಾ ಮಸುಕಾದರೆ, ಇಲ್ಲಾ ಪರದೆ ಕೆಟ್ಟರೆ ನಮಗೆ ಮೂರು ದಾರಿ ಇವೆ. ಮನೆಯಲ್ಲೇ ಏನಾದರೂ ಮಾಡಿ ನೋಡುವುದು, ಪೇಟೆಯ ರಿಪೇರಿ ಅಂಗಡಿಗೆ ಕೊಡುವುದು, ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯುವುದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದೇ ಮಳೆಗಾಲದಲ್ಲಿ ಮೂರು ಫೋನ್ ತೊಂದರೆ ಕೊಟ್ಟವು. ನನ್ನದರಲ್ಲಿ ಫೋಕಸ್ ಹಿಡಿಯುತ್ತಿರಲಿಲ್ಲ. ಅಮ್ಮನ ಫೋನಿನ ಟಚ್ ಹೋಗಿತ್ತು. ತಮ್ಮನ ಫೋನ್ ಬಿದ್ದು ಪರದೆಯ ಒಂದು ಮೂಲೆ ಕಪ್ಪಾಗಿತ್ತು. ಹೀಗಾಗಿ ಮೂರೂ ದಾರಿ ಓಡಾಡಿ ನೋಡಿದ್ದಾಯಿತು.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕ್ಯಾಮೆರಾಕ್ಕೆ ಒಳ್ಳೆಯ ಪೇಟೆ ಅಂಗಡಿಯೇ ಸಾಕು. ಎಲ್‌ಸಿಡಿ (ಹಿಂದಿನಿಂದ ದೀಪ ಉರಿಯುವ) ಪರದೆಗೂ ಅಂಗಡಿ ಸಾಕು. ಓಎಲ್‌ಇಡಿ (ಪ್ರತಿ ಚುಕ್ಕಿಯೂ ತಾನೇ ಬೆಳಗುವ) ಪರದೆ ಆದರೆ ಮಾತ್ರ ಸರ್ವಿಸ್ ಸೆಂಟರ್. ಎಲ್ಲಿಗೆ ಹೋಗುವುದಿದ್ದರೂ ಮೊದಲು ಮನೆಯಲ್ಲಿ ಅರ್ಧ ಗಂಟೆ ಕೊಡಿ. ಯಾಕೆಂದರೆ ಕೆಟ್ಟಿದೆ ಅಂತ ನಾವು ತಿಳಿದುಕೊಂಡಿದ್ದು ಎಷ್ಟೋ ಸಲ ಕೆಟ್ಟೇ ಇರುವುದಿಲ್ಲ.

ಮೊದಲು ಕ್ಯಾಮೆರಾ ವಿಷಯ. ಅಡಿಕೆ ಸೋಗೆಗೆ ಎಲೆಚುಕ್ಕಿ ರೋಗ ಬಂದಾಗ ಹತ್ತಿರದಿಂದ ಫೋಟೋ ತೆಗೆದು ತಿಳಿದವರಿಗೆ ಕಳಿಸುವುದು ನಮ್ಮ ಕಡೆ ಈಗ ಮಾಮೂಲು. ಹಳದಿ ಅಂಚಿನ ಕಂದು ಚುಕ್ಕಿ ಸ್ಪಷ್ಟವಾಗಿ ಕಾಣದಿದ್ದರೆ ಆ ಫೋಟೋದಿಂದ ಏನೂ ಪ್ರಯೋಜನವಿಲ್ಲ. ನನ್ನ ಫೋನಿನಲ್ಲಿ ಹಿಂದಿನ ತೋಟ ಚೆನ್ನಾಗಿ ಬರುತ್ತಿತ್ತು, ಎದುರಿನ ಎಲೆ ಮಾತ್ರ ಮಂಜು ಮಂಜು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ದೂರ. ಈಗಿನ ದುಬಾರಿ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್, ದೊಡ್ಡದು. ಸೆನ್ಸರ್ ದೊಡ್ಡದಾದಷ್ಟೂ ತೀರಾ ಹತ್ತಿರದ ವಸ್ತುವಿಗೆ ಫೋಕಸ್ ಹಿಡಿಯುವುದು ಕಷ್ಟ. ಹಳೆಯ ಫೋನಿನಲ್ಲಿ ನಾಲ್ಕು ಬೆರಳು ದೂರದಿಂದ ತೆಗೆಯುತ್ತಿದ್ದುದನ್ನು ಹೊಸದರಲ್ಲಿ ಸುಮಾರು ಒಂದು ಗೇಣು ದೂರದಿಂದ ತೆಗೆಯಬೇಕಾಗುತ್ತದೆ. ಹಿಂದೆ ಸರಿದು 2x ಒತ್ತಿ ತೆಗೆಯಿರಿ. ಚಿತ್ರ ಸ್ಪಷ್ಟವಾದರೆ ಫೋನ್ ಸರಿಯಾಗಿದೆ. ಇಷ್ಟನ್ನು ಹೇಳಲು ಯಾವ ಅಂಗಡಿಯವರೂ ಬೇಕಿಲ್ಲ ಅಲ್ವಾ?

ಆಮೇಲೆ ಕವರ್ ಬಿಚ್ಚಿ. ಮುಖ್ಯ ಕ್ಯಾಮೆರಾದ ಒಳಗೆ ಒಂದು ಸಣ್ಣ ತಂತಿ ಸುರುಳಿ ಮತ್ತು ಆಯಸ್ಕಾಂತ ಇರುತ್ತವೆ. ಸುರುಳಿಗೆ ಕರೆಂಟ್ ಹೋದಾಗ ಲೆನ್ಸ್ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಯುತ್ತದೆ. ಫೋಕಸ್ ಆಗುವುದೇ ಹೀಗೆ. ಕವರಿನಲ್ಲೋ, ಕಾರಿನ ಹೋಲ್ಡರಿಗೆಂದು ಅಂಟಿಸಿದ ತಗಡಿನ ಹಿಂದೆಯೋ ಇನ್ನೊಂದು ಜೋರಾದ ಆಯಸ್ಕಾಂತ ಇದ್ದರೆ ಈ ಚಲನೆಗೆ ಅಡ್ಡಿಯಾಗುತ್ತದೆ. ಲೆನ್ಸ್ ಮೇಲೆ ಅಂಟಿಸುವ ರಕ್ಷಣಾ ಗಾಜನ್ನೂ ತೆಗೆದು ನೋಡಿ. ಅದರಡಿ ಧೂಳು ಕೂತರೆ ದೀಪದ ಬೆಳಕೆಲ್ಲ ಹರಡಿಕೊಂಡು ಚಿತ್ರ ಮಸುಕಾಗುತ್ತದೆ.

ಇನ್ನೊಂದು ಪರೀಕ್ಷೆ: 0.5x ಗೆ ಹೋಗಿ. ಅದು ಅಗಲ ನೋಟದ ಅಲ್ಟ್ರಾವೈಡ್ ಲೆನ್ಸ್. ಎಷ್ಟೋ ಫೋನುಗಳಲ್ಲಿ ಅದರ ಫೋಕಸ್ ಒಂದೇ ಕಡೆ ನಿಂತಿರುತ್ತದೆ, ಅಲುಗುವ ಭಾಗವೇ ಇರುವುದಿಲ್ಲ. ಅದರಲ್ಲಿ ಚಿತ್ರ ಸರಿ ಬಂದು 1x ನಲ್ಲಿ ಮಾತ್ರ ಮಂಜಾದರೆ ತಪ್ಪು ಮುಖ್ಯ ಕ್ಯಾಮೆರಾದಲ್ಲಿದೆ. ಹಾಗೆಯೇ ವಾಟ್ಸಾಪ್ ಒಳಗಿನ ಕ್ಯಾಮೆರಾ ತೆರೆದು ನೋಡಿ. ಅಲ್ಲಿ ಫೋಕಸ್ ಸರಿ ಇದ್ದರೆ ತೊಂದರೆ ಕ್ಯಾಮೆರಾ ಆಪ್‌ನದ್ದು. ಫೋರ್ಸ್ ಸ್ಟಾಪ್ ಮಾಡಿ, ಕ್ಯಾಶೆ ಅಳಿಸಿ, ಅಪ್‌ಡೇಟ್ ಹಾಕಿ. ಸಾಫ್ಟ್‌ವೇರ್ ಎಷ್ಟು ಆಟ ಆಡಿಸಬಲ್ಲದು ಎನ್ನುವುದಕ್ಕೆ ಐಫೋನ್ 14 ಪ್ರೋ ಉದಾಹರಣೆ ಇದೆ. 2022ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಕೆಲವು ಬೇರೆ ಆಪ್‌ಗಳಲ್ಲಿ ಕ್ಯಾಮೆರಾ ಗಡಗಡ ನಡುಗುತ್ತಿತ್ತು. ನೋಡಿದವರಿಗೆ ಲೆನ್ಸೇ ಮುರಿದಿದೆ ಅನ್ನಿಸುವಂತಿತ್ತು. ಐಓಎಸ್ 16.0.2 ಅಪ್‌ಡೇಟ್ ಬಂದ ಮೇಲೆ ಅದು ನಿಂತಿತು.

ನನ್ನ ಫೋನ್ ಇದ್ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಅಸಲು ಸಂಗತಿ ತಿಳಿದದ್ದು ಹೀಗೆ. ಲೆನ್ಸ್ ನೆಲದ ಕಡೆ ಇರುವಂತೆ ಹಿಡಿದು ಮೇಜಿನ ಮೇಲಿನ ಪೇಪರಿಗೆ ಫೋಕಸ್ ಮಾಡಿದೆ, ಹಿಡಿಯಿತು. ಅದೇ ಪೇಪರನ್ನು ತಲೆಯ ಮೇಲೆ ಹಿಡಿದು ಲೆನ್ಸ್ ಆಕಾಶದ ಕಡೆ ತಿರುಗಿಸಿದೆ, ಹಿಡಿಯಲಿಲ್ಲ. ಅಂದರೆ ಲೆನ್ಸ್ ತನ್ನ ಭಾರಕ್ಕೇ ಜಾರುತ್ತಿದೆ, ಅದನ್ನು ಹಿಡಿದು ಸರಿಸುವ ಶಕ್ತಿ ಒಳಗಿನ ಭಾಗಕ್ಕೆ ಉಳಿದಿಲ್ಲ. ಇಂಥದ್ದಕ್ಕೆ ಮನೆಮದ್ದು ಇಲ್ಲ. ಮಾಡ್ಯೂಲ್, ಅಂದರೆ ಲೆನ್ಸ್, ಸೆನ್ಸರ್ ಎಲ್ಲ ಸೇರಿದ ಇಡೀ ಕ್ಯಾಮೆರಾ ಭಾಗ, ಬದಲಿಸಲೇಬೇಕು. ಕೆಲವರು ಫೋನಿನ ಬೆನ್ನಿಗೆ ತಟ್ಟಿ ಸರಿ ಮಾಡುತ್ತಾರೆ. ಸ್ವಲ್ಪ ಹೊತ್ತು ಸರಿ ಹೋಗುವುದೂ ಹೌದು, ಆದರೆ ಪ್ರತಿ ಏಟಿಗೂ ಒಳಗಿನ ಸ್ಪ್ರಿಂಗ್ ಇನ್ನಷ್ಟು ಹಾಳಾಗುತ್ತದೆ. ಸ್ವಿಚ್ ಆಫ್ ಮಾಡಿ ಅಲ್ಲಾಡಿಸಿದಾಗ ಟಕಟಕ ಸದ್ದು ಬಂದರೆ ಮಾತ್ರ ಗಾಬರಿ ಬೇಡ. ಓಐಎಸ್ (ಕೈ ಅಲುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕ್ಯಾಮೆರಾದಲ್ಲಿ ಆ ಸದ್ದು ಸಹಜ.

ಸರ್ವಿಸ್ ಸೆಂಟರ್ ನಮಗೆ ಶಿವಮೊಗ್ಗದಲ್ಲೇ, ಸುಮಾರು 60 ಕಿಲೋಮೀಟರ್. ಅಲ್ಲಿ ಮೊದಲು ಹೇಳಿದ್ದು ಸಾಫ್ಟ್‌ವೇರ್ ಹಾಕಿ ನೋಡುತ್ತೇವೆ, ಡೇಟಾ ಹೋಗುತ್ತದೆ ಅಂತ. ಮೇಲಿನ ಪರೀಕ್ಷೆಯನ್ನು ಅವರೆದುರೇ ಮಾಡಿ ತೋರಿಸಿದ ಮೇಲೆ ಮಾಡ್ಯೂಲ್ ಬದಲಿಸಲು ಒಪ್ಪಿದರು. ಭಾಗ ತರಿಸಬೇಕು, ವಾರದ ಮೇಲಾಗಬಹುದು, ಐದು ಸಾವಿರದ ಆಸುಪಾಸು ಅಂದರು. ಪೇಟೆ ಅಂಗಡಿಯಲ್ಲಿ ಕೇಳಿದ್ದು ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬೋರ್ಡ್ ಸತ್ತ ಅದೇ ಮಾಡೆಲ್ ಫೋನಿನಿಂದ ಬಿಚ್ಚಿದ ಒರಿಜಿನಲ್ ಮಾಡ್ಯೂಲ್ ಅವರ ಬಳಿ ಇತ್ತು.

ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿಸಿತು: "ಬೈಕ್ ಹ್ಯಾಂಡಲ್‌ಗೆ ಹೋಲ್ಡರ್ ಇದೆಯಾ?" ಡೆಲಿವರಿ ಹುಡುಗರ ಫೋನುಗಳು ಇದೇ ತೊಂದರೆಗೆ ಬರುತ್ತಲೇ ಇರುತ್ತವಂತೆ. ಇದು ಸುಮ್ನೆ ಹೇಳುವ ಮಾತಲ್ಲ. ದೊಡ್ಡ ಬೈಕ್ ಎಂಜಿನ್ನಿನ ಅದುರುವಿಕೆ ಕ್ಯಾಮೆರಾದ ಓಐಎಸ್ ಮತ್ತು ಫೋಕಸ್ ವ್ಯವಸ್ಥೆಯನ್ನು ಹಾಳು ಮಾಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹಳ್ಳಿ ರಸ್ತೆಯ ಗುಂಡಿಗಳನ್ನೂ ಸೇರಿಸಿ ಲೆಕ್ಕ ಹಾಕಿ. ದಾರಿ ನೋಡಲೇಬೇಕಿದ್ದರೆ ಅದುರುವಿಕೆ ತಡೆಯುವ ರಬ್ಬರ್ ಇರುವ ಹೋಲ್ಡರ್ ಹಾಕಿಸಿ, ಇಲ್ಲವೇ ಫೋನ್ ಜೇಬಲ್ಲಿಟ್ಟು ಕಿವಿಗೆ ಇಯರ್‌ಫೋನ್ ಹಾಕಿ ಒಂದೇ ಕಿವಿಯಲ್ಲಿ ದಾರಿ ಕೇಳಿಸಿಕೊಳ್ಳಿ.

ಕೆಲಸ ಮುಗಿಯಲು ಒಂದು ಗಂಟೆಯೂ ಹಿಡಿಯಲಿಲ್ಲ, ಅದೂ ನನ್ನ ಕಣ್ಣೆದುರೇ. ಬಿಸಿ ಮಾಡಿ ಹಿಂಬದಿ ಬಿಡಿಸಿದರು, ಕನೆಕ್ಟರ್ ಕಿತ್ತರು, ಹೊಸದನ್ನು ಒತ್ತಿ ಕೂರಿಸಿದರು. ಮುಚ್ಚುವ ಮೊದಲೇ ಆನ್ ಮಾಡಿ ತೋರಿಸಿದರು. ಆಗ ನೀವು ಮಾಡಬೇಕಾದ್ದು ಇಷ್ಟು: ಗೋಡೆಗೆ ಹಿಡಿದ ಪೇಪರಿನ ಫೋಟೋ ತೆಗೆದು ನಾಲ್ಕೂ ಮೂಲೆಯ ಅಕ್ಷರ ಹಿಗ್ಗಿಸಿ ನೋಡಿ. ಒಂದು ಮೂಲೆ ಮಾತ್ರ ಮಸುಕಾದರೆ ಮಾಡ್ಯೂಲ್ ಓರೆಯಾಗಿ ಕೂತಿದೆ. ಕತ್ತಲಲ್ಲಿ ಫ್ಲ್ಯಾಶ್ ಹಾಕಿ ಒಂದು ತೆಗೆಯಿರಿ. ಬಿಳಿ ಮಬ್ಬು ಬಂದರೆ ಲೆನ್ಸ್ ಸುತ್ತಲಿನ ಕಪ್ಪು ಸ್ಪಂಜು ಸರಿ ಕೂತಿಲ್ಲ. ಇವೆರಡನ್ನೂ ಅಲ್ಲೇ ಹೇಳಿದರೆ ಸರಿ ಮಾಡಿಕೊಡುತ್ತಾರೆ.

ಅಂಗಡಿಯ ದಾರಿಗೆ ಒಂದು ಕೊರತೆ ಇದೆ, ಅದು ಸಣ್ಣದಲ್ಲ. ಹಿಂಬದಿ ಒಮ್ಮೆ ಬಿಚ್ಚಿದರೆ ನೀರು ತಡೆಯುವ ಅಂಟು ಮೊದಲಿನಂತೆ ಕೂರುವುದಿಲ್ಲ. ಐಪಿ68 ಅಂತ ಡಬ್ಬದ ಮೇಲೆ ಬರೆದದ್ದನ್ನು ಮರೆತುಬಿಡಿ. ಮಲೆನಾಡಿನ ಜಡಿಮಳೆಗೆ ಆಮೇಲೆ ಪ್ಲಾಸ್ಟಿಕ್ ಕವರೇ ಗತಿ. ಐಫೋನ್ 12 ಮತ್ತು ನಂತರದವುಗಳಲ್ಲಿ ಬೇರೆ ಕ್ಯಾಮೆರಾ ಹಾಕಿದರೆ ಭಾಗ ಅಸಲಿಯೇ ಎಂದು ಖಚಿತವಿಲ್ಲ ಎನ್ನುವ ಸಂದೇಶವೂ ಬರುತ್ತದೆ. ವಾರಂಟಿ ಇರುವ ಫೋನನ್ನಂತೂ ಅಂಗಡಿಗೆ ಕೊಡಲೇಬೇಡಿ. ಇಷ್ಟಿದ್ದರೂ, ವಾರಂಟಿ ಮುಗಿದ ಫೋನಿನ ಕ್ಯಾಮೆರಾಕ್ಕೆ ನನ್ನ ಓಟು ಅಂಗಡಿಗೇ.

ಲೆನ್ಸಿನ ಒಳಗೇ ಮಂಜು ಕಟ್ಟಿದ್ದರೆ ಕಥೆ ಬೇರೆ. ಅದು ತೇವ. ಫೋನ್ ಆಫ್ ಮಾಡಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬದಲ್ಲಿಡಿ. ಅಕ್ಕಿಯಲ್ಲಿ ಹೂಳಬೇಡಿ, ಅದರ ಪುಡಿ ಚಾರ್ಜಿಂಗ್ ತೂತಿಗೆ ಹೋಗುತ್ತದೆ. ಆಪಲ್ 2024ರಲ್ಲಿ ಅಕ್ಕಿ ಬೇಡ ಎಂದು ಬರೆದೇ ಹೇಳಿದೆ.

ಇನ್ನು ಡಿಸ್‌ಪ್ಲೇ. ಪರದೆಯಲ್ಲಿ ಗೆರೆಯೋ ಕಲೆಯೋ ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು ಬೇರೆ ಫೋನಿಗೆ ಕಳಿಸಿ. ಅಲ್ಲೂ ಗೆರೆ ಕಂಡರೆ ಸಾಫ್ಟ್‌ವೇರ್ ತೊಂದರೆ. ಕಾಣದಿದ್ದರೆ ನಿಮ್ಮ ಪರದೆಯ ಪ್ಯಾನೆಲ್ ಅಥವಾ ಅದನ್ನು ಬೋರ್ಡಿಗೆ ಜೋಡಿಸುವ ತೆಳು ಕೇಬಲ್ ಪಟ್ಟಿ ಕೆಟ್ಟಿದೆ. ಇಷ್ಟು ಸುಲಭದ, ಇಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ಪರದೆ ಪೂರ್ತಿ ಕಪ್ಪು-ಬಿಳುಪಾಗಿದ್ದರೆ ಬೆಡ್‌ಟೈಮ್ ಮೋಡ್ ಆನ್ ಆಗಿದೆಯಾ ನೋಡಿ. ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ತಾನಾಗಿಯೇ ಕುಣಿದರೆ ಚಾರ್ಜರ್ ಬದಲಿಸಿ. ಸ್ಯಾಮ್‌ಸಂಗ್‌ನಲ್ಲಿ *#0*# ಒತ್ತಿದರೆ, ಶಿಯೋಮಿಯಲ್ಲಿ *#*#6484#*#* ಒತ್ತಿದರೆ ಪರೀಕ್ಷಾ ಮೆನು ತೆರೆಯುತ್ತದೆ. ಅಲ್ಲಿ ಬೆರಳಿನಿಂದ ಗೆರೆ ಎಳೆದು ಟಚ್ ಎಲ್ಲಿ ಸತ್ತಿದೆ ಎಂದು ನೋಡಬಹುದು.

ಅಮ್ಮನದು ಎಲ್‌ಸಿಡಿ ಪರದೆಯ ಸಾಧಾರಣ ಫೋನ್. ಟೆಂಪರ್ಡ್ ಗ್ಲಾಸ್ ತೆಗೆದು ನೋಡಿದರೂ ಮಧ್ಯದ ಒಂದು ಪಟ್ಟಿ ಟಚ್ ಸತ್ತೇ ಇತ್ತು. ಅಂಗಡಿಯಲ್ಲಿ ಕಾಂಬೋ, ಅಂದರೆ ಟಚ್ ಮತ್ತು ಡಿಸ್‌ಪ್ಲೇ ಸೇರಿದ್ದು, ಸಾವಿರದೈನೂರರ ಆಸುಪಾಸಿಗೆ ಹಾಕಿದರು. ಬಿಸಿಲಿನಲ್ಲಿ ಬೆಳಕು ಮೊದಲಿಗಿಂತ ಸ್ವಲ್ಪ ಕಡಿಮೆ. ಬೇರೆ ಏನೂ ವ್ಯತ್ಯಾಸವಿಲ್ಲ. ಅಮ್ಮ ಈಗಲೂ ಅದರಲ್ಲೇ ವಿಡಿಯೋ ಕಾಲ್ ಮಾಡುತ್ತಾರೆ. ಇದಕ್ಕೆ ಸರ್ವಿಸ್ ಸೆಂಟರ್ ದಂಡ.

ತಮ್ಮನ ಫೋನ್ ಓಎಲ್‌ಇಡಿ, ಬೆರಳಚ್ಚು ಸೆನ್ಸರ್ ಪರದೆಯ ಅಡಿಯಲ್ಲೇ ಇದೆ. ಎರಡು ಆಯ್ಕೆ ನಿಜವಾಗಿ ಎದುರಾದದ್ದು ಇಲ್ಲಿ. ಅಂಗಡಿಯೊಂದರಲ್ಲಿ "ಒರಿಜಿನಲ್ ಥರಾನೇ" ಅಂತ ಎರಡೂವರೆ ಸಾವಿರದ ಕಾಂಬೋ ಕೂರಿಸಿಕೊಟ್ಟರು. ಮನೆಗೆ ತಂದು ರಾತ್ರಿ ದೀಪ ಆರಿಸಿ ಕಪ್ಪು ಚಿತ್ರ ತೆರೆದರೆ ಪರದೆ ಬೂದಿ ಬಣ್ಣಕ್ಕೆ ಹೊಳೆಯುತ್ತಿತ್ತು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಇದ್ದಲ್ಲಿ ಪೂರ್ತಿ ಆರಿರುತ್ತದೆ. ಎಲ್‌ಸಿಡಿಯಲ್ಲಿ ಹಿಂದಿನಿಂದ ದೀಪ ಉರಿಯುತ್ತಲೇ ಇರುತ್ತದೆ. ಅಂದರೆ ಓಎಲ್‌ಇಡಿ ಫೋನಿಗೆ ಎಲ್‌ಸಿಡಿ ಹಾಕಿದ್ದರು. ಪರದೆ ಅಂಚಿನಿಂದ ಸ್ವಲ್ಪ ಮೇಲೆದ್ದಿತ್ತು. ಬೆರಳಚ್ಚು ಕೆಲಸ ಮಾಡಲಿಲ್ಲ. ಆ ಸೆನ್ಸರ್ ಪರದೆಯ ಮೂಲಕವೇ ಬೆರಳನ್ನು ನೋಡಬೇಕು, ಎಲ್‌ಸಿಡಿಯ ಹಿಂಬದಿ ಪದರಗಳು ಅದನ್ನು ಮುಚ್ಚಿಬಿಡುತ್ತವೆ. ಅದು ಬಿಟ್ಟರೆ ಹಾರ್ಡ್ ಓಎಲ್‌ಇಡಿ, ಸಾಫ್ಟ್ ಓಎಲ್‌ಇಡಿ ಎಂಬ ಕಾಪಿಗಳೂ ಸಿಗುತ್ತವೆ. ಹಾರ್ಡ್ ಎಂದರೆ ಗಾಜಿನ ಮೇಲೆ ಮಾಡಿದ್ದು, ಬಿದ್ದರೆ ಬೇಗ ಒಡೆಯುತ್ತದೆ. ಸಾಫ್ಟ್ ಎಂದರೆ ಬಗ್ಗುವ ಪ್ಲಾಸ್ಟಿಕ್ ಮೇಲೆ ಮಾಡಿದ್ದು, ಒರಿಜಿನಲ್‌ಗೆ ಹತ್ತಿರ, ಆದರೆ ದರವೂ ಸರ್ವಿಸ್ ಸೆಂಟರಿನ ಹತ್ತಿರಕ್ಕೇ ಹೋಗುತ್ತದೆ.

ಕೊನೆಗೆ ಸರ್ವಿಸ್ ಸೆಂಟರಿನಲ್ಲಿ ಎಂಟು ಸಾವಿರದ ಮೇಲೆ ಕೊಟ್ಟು ಫ್ರೇಮ್ ಸಮೇತ ಹಾಕಿಸಿದೆವು. ಬಣ್ಣ, ಬೆಳಕು, ಬೆರಳಚ್ಚು ಎಲ್ಲ ಮೊದಲಿನಂತೆ. ಬಿಲ್ಲಿನಲ್ಲಿ ಮೂರು ತಿಂಗಳ ವಾರಂಟಿ. ದುಡ್ಡು ನೋಯಿಸಿತು, ಆದರೂ ಅದೇ ಸರಿ ಎಂದು ನನ್ನ ಅಭಿಪ್ರಾಯ. ದಿನಕ್ಕೆ ಗಂಟೆಗಟ್ಟಲೆ ಕಣ್ಣಿಟ್ಟು ನೋಡುವ ವಸ್ತು ಅದು.

ಬೀಳದೇ, ಒದ್ದೆಯಾಗದೇ, ಅಪ್‌ಡೇಟ್ ಆದ ಮೇಲೆ ಹಸಿರು ಗೆರೆ ಬಿದ್ದಿದ್ದರೆ ದುಡ್ಡು ಕೊಡುವ ಮೊದಲು ವಿಚಾರಿಸಿ. ಒನ್‌ಪ್ಲಸ್, ಸ್ಯಾಮ್‌ಸಂಗ್ ಎರಡೂ ಭಾರತದಲ್ಲಿ ಕೆಲವು ಮಾಡೆಲ್‌ಗಳಿಗೆ ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರದೆ ಬದಲಿಸಿಕೊಟ್ಟಿವೆ. ಕೌಂಟರಿನಲ್ಲಿ ತಾವಾಗಿ ಹೇಳದಿದ್ದರೆ ನೀವೇ ಕೇಳಬೇಕು. ಸುಮ್ಮನೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಕೂಡ ತೆರೆದಿದೆ, ರಿಪೇರಿ ಮಾಹಿತಿಗೆ ಅದನ್ನೂ ನೋಡಬಹುದು.

ಹಳೇ ಓಎಲ್‌ಇಡಿ ಫೋನ್, ಎಂಟು ಸಾವಿರ ಹಾಕುವಷ್ಟು ಬೆಲೆಯಿಲ್ಲ, ಒಳಗಿನ ಫೋಟೋ ಮಾತ್ರ ಬೇಕು ಎನ್ನುವವರಿಗೆ ಕಾಪಿ ಕಾಂಬೋ ಕೂಡ ಕೊಳ್ಳುವುದು ಬೇಡ. ಚಿತ್ರ ಕಾಣುತ್ತಿದ್ದು ಟಚ್ ಮಾತ್ರ ಹೋಗಿದ್ದರೆ ಓಟಿಜಿ ಕೇಬಲ್ಲಿಗೆ (ಫೋನಿನ ಚಾರ್ಜಿಂಗ್ ತೂತಿಗೆ ಮೌಸಿನಂಥ ಯುಎಸ್‌ಬಿ ವಸ್ತು ಜೋಡಿಸುವ ಕೇಬಲ್) ಮೌಸ್ ಚುಚ್ಚಿ ಪರದೆಯ ಮೇಲೆ ಬಾಣ ಬರಿಸಿ ಬ್ಯಾಕಪ್ ತೆಗೆಯಿರಿ. ಕಪ್ಪು ಕಲೆ ಹರಡುತ್ತಿದ್ದರೆ ಇವತ್ತೇ ತೆಗೆಯಿರಿ, ಅದು ನಿಲ್ಲುವುದಿಲ್ಲ. ಏನೂ ಕಾಣದಿದ್ದರೆ ಅಂಗಡಿಯವರ ಬಳಿ ಟೆಸ್ಟಿಂಗಿಗೆ ಇಟ್ಟ ಡಿಸ್‌ಪ್ಲೇ ಇರುತ್ತದೆ. ಅಂಟಿಸದೇ ಬರೀ ಕನೆಕ್ಟರಿಗೆ ಸಿಕ್ಕಿಸಿ, ಅಲ್ಲೇ ಕೂತು ಡೇಟಾ ಕಾಪಿ ಮಾಡಿಕೊಳ್ಳಲು ಬಿಡುತ್ತಾರಾ ಕೇಳಿ. ಬರೀ ಕೂಲಿ ತೆಗೆದುಕೊಂಡು ಇದನ್ನು ಮಾಡಿಕೊಡುವವರು ಇದ್ದಾರೆ.