ಹಳೆಯ ಕೊಲೆ ಕೇಸು ಓದುವ ಆಸೆಯಿದ್ದರೆ ಇಂಡಿಯನ್ ಕಾನೂನ್ ನೋಡಿ

ಸೆಷನ್ಸ್ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದವನು ನಾನು. ಹಳೆಯ ಕೊಲೆ ಕೇಸು ಅಂದರೆ ಈಗಲೂ ಬಿಡುವುದಿಲ್ಲ. ಆದರೆ ನಾನಾವತಿ ಕೇಸಿನ ಮೇಲೆ ಬರುವ ವಿಡಿಯೋಗಳಲ್ಲಿ ಸಂಗೀತ ಜಾಸ್ತಿ, ಸಾಕ್ಷಿ ಕಡಿಮೆ. ಅದಕ್ಕೇ ಇಂಡಿಯನ್ ಕಾನೂನ್ ವೆಬ್‌ಸೈಟಿನಲ್ಲಿ ತೀರ್ಪನ್ನೇ ಓದುತ್ತೇನೆ. ಓದೋದಕ್ಕೆ ದುಡ್ಡು ಕೊಡಬೇಕಿಲ್ಲ. ನಾನಾವತಿ ಹೆಸರಿನ ಜೊತೆ 1961 ಅಂತ ಹಾಕಿ ಹುಡುಕಿ, ನವೆಂಬರ್ 24ರ ಸುಪ್ರೀಂ ಕೋರ್ಟ್ ತೀರ್ಪು ಸಿಗುತ್ತದೆ.

1959ರ ಏಪ್ರಿಲ್ 27ರ ಆ ಮಧ್ಯಾಹ್ನ ಅದರಲ್ಲಿ ಹೆಜ್ಜೆಹೆಜ್ಜೆಗೂ ದಾಖಲಾಗಿದೆ. ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು ಹಡಗಿಗೆ ಹೋದ. ರಾತ್ರಿ ಒಬ್ಬನೇ ಅಹ್ಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕು ಅಂತ ಸುಳ್ಳು ಹೇಳಿ ರಿವಾಲ್ವರ್, 6 ಗುಂಡು ತೆಗೆದುಕೊಂಡ. ರಿವಾಲ್ವರನ್ನು ಕಂದು ಲಕೋಟೆಯಲ್ಲಿಟ್ಟುಕೊಂಡು ಮೊದಲು ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನ ಆಫೀಸಿಗೆ, ಅಲ್ಲಿಂದ ಮನೆಗೆ ಹೋದ. ಅಲ್ಲಿ ಅಹುಜಾ ಗುಂಡೇಟಿಗೆ ಸತ್ತ. ಕಿತ್ತಾಟದಲ್ಲಿ ಗುಂಡು ಹಾರಿತು ಅನ್ನೋದು ನಾನಾವತಿಯ ವಾದ. ಕೋರ್ಟು ಟವೆಲ್ ನೋಡಿತು. ಅಹುಜಾ ಸುತ್ತಿಕೊಂಡಿದ್ದ ಟವೆಲ್ ಸಡಿಲವೂ ಆಗಿರಲಿಲ್ಲ, ಬಿದ್ದೂ ಇರಲಿಲ್ಲ. ಇಬ್ಬರು ಗಂಡಸರು ರಿವಾಲ್ವರಿಗಾಗಿ ಎಳೆದಾಡಿದ್ದರೆ ಅದು ಹಾಗೇ ಉಳಿಯುತ್ತಿತ್ತಾ? ಇಂಥ ಸಣ್ಣ ವಸ್ತುವಿನ ಮೇಲೇ ಕೇಸು ನಿಲ್ಲುತ್ತದೆ. ಸಾಕ್ಷಿಗಳ ಹೇಳಿಕೆ ಟೈಪ್ ಮಾಡುವಾಗ ಎಷ್ಟೋ ಸಲ ನೋಡಿದ್ದೇನೆ.

ಇನ್ನು ಸಿಟ್ಟಿನ ಭರದಲ್ಲಿ ಕೊಂದ ಅನ್ನುವ ಮಾತು. 1.30ಕ್ಕೆ ಮನೆ ಬಿಟ್ಟವನು 4.20ಕ್ಕೆ ಗುಂಡು ಹಾರಿಸಿದ, ಮನಸ್ಸು ಹಿಡಿತಕ್ಕೆ ಬರಲು ಅಷ್ಟು ಹೊತ್ತು ಸಾಕು ಅಂತ ಕೋರ್ಟು ಹೇಳಿತು. ಜ್ಯೂರಿಯಲ್ಲಿ, ಅಂದರೆ ಕೇಸು ಕೇಳಿ ತೀರ್ಪು ಹೇಳುತ್ತಿದ್ದ ಸಾಮಾನ್ಯ ಜನರ ತಂಡದಲ್ಲಿ, 8 ಜನ ನಿರ್ದೋಷಿ ಅಂದಿದ್ದರು, ಒಬ್ಬರು ಮಾತ್ರ ಒಪ್ಪಿರಲಿಲ್ಲ. ಅದನ್ನು ಒಪ್ಪದೆ ಹೈಕೋರ್ಟು ಕೊಟ್ಟ ಜೀವಾವಧಿ ಶಿಕ್ಷೆಯೇ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು. ಓದಿದ ಮೇಲೆ ನನಗೂ ಅದೇ ಸರಿ ಅನ್ನಿಸಿತು.

ಸುಮ್ನೆ ಕಣ್ಣಾಡಿಸುವ ಓದಲ್ಲ ಇದು. ಹಳೆಯ ಕೋರ್ಟು ಇಂಗ್ಲಿಷು, ಉದ್ದುದ್ದ ವಾಕ್ಯಗಳು. ಜ್ಯೂರಿ ತೀರ್ಪನ್ನು ಹೈಕೋರ್ಟು ಎಷ್ಟರ ಮಟ್ಟಿಗೆ ಮುಟ್ಟಬಹುದು ಅನ್ನುವ ಚರ್ಚೆ ಬಹಳ ದೂರ ಹೋಗುತ್ತದೆ. ಮೊದಲ ಓದಿಗೆ ಅದನ್ನು ಹಾರಿಸಿದರೂ ನಷ್ಟವಿಲ್ಲ.

ಹೊಸಬರಿಗೆ ಪಾಕಲಾ ನಾರಾಯಣ ಸ್ವಾಮಿ ಕೇಸು ಒಳ್ಳೆಯದು. 1937ರ ಮಾರ್ಚ್ 23ರಂದು ಪುರಿ ನಿಲ್ದಾಣದಲ್ಲಿ, ರೈಲಿನ ಮೂರನೇ ದರ್ಜೆ ಡಬ್ಬಿಯಲ್ಲಿ ಒಂದು ಟ್ರಂಕು ಸಿಕ್ಕಿತು. ಒಳಗೆ 7 ತುಂಡು ಮಾಡಿದ ಹೆಣ. ಸತ್ತ ಆ ಮನುಷ್ಯ ಮನೆಯಿಂದ ಹೊರಡುವ ಮುಂಚೆ ತಾನು ಎಲ್ಲಿಗೆ, ಏಕೆ ಹೋಗುತ್ತಿದ್ದೇನೆ ಅಂತ ಹೆಂಡತಿಗೆ ಹೇಳಿದ್ದ. ಆ ಮಾತನ್ನು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1939ರಲ್ಲಿ ಸಾಕ್ಷ್ಯವಾಗಿ ಒಪ್ಪಿಕೊಂಡಿತು. ನಾನಾವತಿ ತೀರ್ಪಿಗಿಂತ ಇದು ತುಂಬಾ ಚಿಕ್ಕದು, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು.