ಲೇಸರ್ ಸಿಮ್ಯುಲೇಷನ್ ಸಾಫ್ಟ್‌ವೇರ್: ಲೆಕ್ಕ ಸರಿ, ಗ್ರಾಫ್ ಸುಳ್ಳು

ಧಾರವಾಡದಲ್ಲಿ ಎಂಎಸ್ಸಿ ಹುಡುಗರಿಗೆ ಪ್ರಾಜೆಕ್ಟ್ ಮಾಡಿಸುವುದು ನನ್ನ ಕೆಲಸ. ನಮ್ಮ ಲ್ಯಾಬಿನಲ್ಲಿ ಎನ್‌ಡಿ-ಯಾಗ್ ಅನ್ನುವ ಹರಳಿನ ಲೇಸರ್ ಇಲ್ಲ, ಕೊಳ್ಳುವ ದುಡ್ಡೂ ಇಲ್ಲ. ಹಾಗಾಗಿ ಕಂಪ್ಯೂಟರಿನಲ್ಲೇ ಲೇಸರ್ ಓಡಿಸುತ್ತೇವೆ. ಈ ಪ್ಯಾಕೇಜ್ ತಗೊಂಡು ಎರಡು ವರ್ಷದ ಮೇಲಾಯಿತು. ಹೆಸರು ಹೇಳುವುದಿಲ್ಲ, ಬಳಸುವವರಿಗೆ ಗೊತ್ತಾಗಿಯೇ ಆಗುತ್ತದೆ. ಫೀಚರ್ ಪಟ್ಟಿ ಅವರ ಸೈಟಲ್ಲೇ ಇದೆ, ಬಿಡಿ.

ಮೊದಲು ಖುಷಿಯ ಮಾತು. ಪಂಪ್, ಅಂದರೆ ಹರಳಿಗೆ ಶಕ್ತಿ ತುಂಬುವುದನ್ನು, ಆನ್ ಮಾಡಿ, ಟೈಮ್ ಸ್ಕೇಲ್ ಒಂದು ಮಿಲಿಸೆಕೆಂಡಿಗೆ ಇಟ್ಟು ರನ್ ಒತ್ತಿ. ಸ್ವಲ್ಪ ಹೊತ್ತು ಗ್ರಾಫ್ ನೆಲಕ್ಕೇ ಅಂಟಿಕೊಂಡಿರುತ್ತದೆ. ಹರಳಿನೊಳಗೆ ಮಾತ್ರ ಅಯಾನುಗಳು ಮೇಲಿನ ಮಟ್ಟಕ್ಕೆ ಏರಿ ಕೂರುತ್ತಿರುತ್ತವೆ. ಆಮೇಲೆ ಒಮ್ಮೆಲೇ ಬೆಳಕು ಚಿಮ್ಮುತ್ತದೆ. ಕೂಡಿಟ್ಟದ್ದನ್ನು ಬೇಕಾದ್ದಕ್ಕಿಂತ ಜಾಸ್ತಿ ಖರ್ಚು ಮಾಡಿ ಕುಸಿಯುತ್ತದೆ, ಮತ್ತೆ ಚಿಮ್ಮುತ್ತದೆ. ಸೆಕೆಂಡಿಗೆ ಸುಮಾರು 1 ಲಕ್ಷದ ಲೆಕ್ಕದಲ್ಲಿ ಏರಿಳಿದು, ಬರಬರುತ್ತ ಸಣ್ಣದಾಗಿ ತಣ್ಣಗಾಗುತ್ತದೆ. ಮೊದಲ ಸಲ ನೋಡಿದ ಹುಡುಗರು ಸಾಫ್ಟ್‌ವೇರ್ ಕೆಟ್ಟಿದೆ ಅಂತಲೇ ಅನ್ನುತ್ತಾರೆ. 1960ರಲ್ಲಿ ವಿಜ್ಞಾನಿ ಮೈಮನ್ ಬೆಳಗಿಸಿದ ಮಾಣಿಕ್ಯದ ಲೇಸರ್ ಇದೆಯಲ್ಲ, ಆ ಜಾತಿಯ ಲೇಸರೂ ಹೀಗೇ ಮುಳ್ಳುಮುಳ್ಳಾಗಿ ಹೊಳೆಯುತ್ತದೆ ಅಂದಾಗ ಸುಮ್ಮನಾಗುತ್ತಾರೆ.

ಇನ್ನೊಂದು ಮಜಾ. ಶುರುವಿನ ಫೋಟಾನ್ (ಬೆಳಕಿನ ಕಣ) ಸಂಖ್ಯೆಗೆ ಸೊನ್ನೆ ಕೊಟ್ಟು, ತಾನಾಗಿ ಹೊಮ್ಮುವ ಬೆಳಕಿನ ಟಿಕ್ ತೆಗೆದುಬಿಡಿ. ಎಷ್ಟೇ ಪಂಪ್ ಮಾಡಿ, ಲೇಸರ್ ಹುಟ್ಟುವುದೇ ಇಲ್ಲ! ಬೆಳಕು ಹುಟ್ಟಲು ಒಂದು ಹನಿ ಬೆಳಕು ಮೊದಲೇ ಬೇಕು. ಬೋರ್ಡಿನ ಮೇಲೆ ಗಂಟೆಗಟ್ಟಲೆ ಹೇಳಿದರೂ ತಲೆಗೆ ಹೋಗದ್ದು ಇಲ್ಲಿ ಒಂದು ಕ್ಲಿಕ್ಕಿನಲ್ಲಿ ಹೋಗುತ್ತದೆ.

ದೊಡ್ಡ ರನ್ನುಗಳನ್ನು ಸಂಜೆ ಹಾಕುತ್ತೇನೆ. ಹಾಕಿ, ಬಾಗಿಲು ಮುಂದೆ ಮಾಡಿ, ಗಿರ್ಮಿಟ್ ತಿಂದು ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಭಯವಿಲ್ಲ, ನಿಂತಲ್ಲಿಂದ ಮುಂದುವರಿಸುತ್ತದೆ. ಆಮೇಲೆ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಕೂತು, ಫೋನಿಗೆ ಕಳಿಸಿಕೊಂಡ ಗ್ರಾಫ್ ಹಿಗ್ಗಿಸಿ ನೋಡುವುದು ನನ್ನ ಚಟ.

ಆ ಚಟದಿಂದಲೇ ಹುಳುಕು ಸಿಕ್ಕಿತು.

ಕ್ಯೂ-ಸ್ವಿಚ್ ಪಲ್ಸಿನ, ಅಂದರೆ ಶಕ್ತಿಯನ್ನು ತಡೆದಿಟ್ಟು ಒಮ್ಮೆಲೇ ಬಿಟ್ಟಾಗ ಬರುವ ಬೆಳಕಿನ ಮಿಡಿತದ, ಗ್ರಾಫ್ ಅದು. ಶಕ್ತಿ 100 ಮಿಲಿಜೂಲ್, ಅಗಲ 10 ನ್ಯಾನೊಸೆಕೆಂಡ್. ಭಾಗಿಸಿದರೆ ಸುಮಾರು 10 ಮೆಗಾವಾಟ್ ಶಿಖರ ಬರಬೇಕು, ಅಲ್ವಾ? ಗ್ರಾಫಿನಲ್ಲಿ ಮೂರು ಮೆಗಾವಾಟೂ ಇಲ್ಲ. ಕಂಪ್ಯೂಟರಿನಲ್ಲಿ ಜೂಮ್ ಮಾಡಿದರೆ ಶಿಖರ ಬೆಳೆಯುತ್ತದೆ, ಹಿಂದೆ ಸರಿದರೆ ಕುಗ್ಗುತ್ತದೆ! ಆಗಿದ್ದಿಷ್ಟು: ಚಿತ್ರ ಬೇಗ ಬರಲಿ ಅಂತ ಇದು ಲೆಕ್ಕದ ಬಿಂದುಗಳನ್ನು ನಡುನಡುವೆ ಬಿಟ್ಟು ಗೆರೆ ಎಳೆಯುತ್ತದೆ. ಮಿಲಿಸೆಕೆಂಡಿನ ಗ್ರಾಫಿನಲ್ಲಿ 10 ನ್ಯಾನೊಸೆಕೆಂಡ್ ಅಂದರೆ ಲಕ್ಷದಲ್ಲಿ ಒಂದು ಪಾಲು. ಅದೇ ಬಿಟ್ಟುಹೋಗುತ್ತದೆ. ಪಕ್ಕದ ಟೇಬಲ್ಲಿನ ‘ಪೀಕ್ ಪವರ್’ ಕೂಡ ಈ ಸೋಸಿದ ಬಿಂದುಗಳಿಂದಲೇ. ಇದು ಸಣ್ಣ ತಪ್ಪಲ್ಲ. ಲೇಸರಿನ ಕನ್ನಡಿಯ ಲೇಪ ಸುಡುತ್ತದೋ ಉಳಿಯುತ್ತದೋ ಅಂತ ನೋಡುವುದು ಆ ಅಂಕಿಯನ್ನೇ ಹಿಡಿದು. ಕಂಪನಿಗೆ ಬರೆದರೆ ‘ವೇಗಕ್ಕಾಗಿ ಹೀಗೆ ಮಾಡಿದ್ದೇವೆ’ ಅಂದರು. ಸೆಟ್ಟಿಂಗಿನಲ್ಲಿ ನಿಲ್ಲಿಸುವ ದಾರಿಯೂ ಇಲ್ಲ.

ಈಗ ಮೂಲ ಅಂಕಿಗಳನ್ನು ಹೊರತೆಗೆದು ಪೈಥಾನಿನಲ್ಲಿ ಗ್ರಾಫ್ ಹಾಕುತ್ತೇವೆ. ಪೈಥಾನಿಗೇ ಹೋಗುವುದಾದರೆ ವರ್ಷವರ್ಷ ದುಡ್ಡು ಯಾಕೆ ಕೊಡಬೇಕು? ಅಯಾನಿಗೊಂದು, ಫೋಟಾನಿಗೊಂದು ಅಂತ ಎರಡು ಸಮೀಕರಣಗಳ ಲೇಸರನ್ನು ಪೈಥಾನಿನ ಗಣಿತದ ಲೈಬ್ರರಿ ಸೈಪೈಯಲ್ಲಿರುವ ‘ರಾಡೌ’ ವಿಧಾನ ಪುಕ್ಕಟೆ ಬಿಡಿಸುತ್ತದೆ. ಮೇಲಿನ ಮಟ್ಟದ ಆಯಸ್ಸು 230 ಮೈಕ್ರೊಸೆಕೆಂಡ್, ಕನ್ನಡಿಗಳ ನಡುವೆ ಫೋಟಾನಿನದು ಕೆಲವೇ ನ್ಯಾನೊಸೆಕೆಂಡ್. ಅಷ್ಟು ಅಂತರವಿದ್ದರೂ ಎಲ್ಲಿ ಸಣ್ಣ ಹೆಜ್ಜೆ, ಎಲ್ಲಿ ದೊಡ್ಡದು ಅಂತ ಅದೇ ನೋಡಿಕೊಳ್ಳುತ್ತದೆ.

ಆದರೂ ಪೂರ್ತಿ ಬಿಡಲಾಗಿಲ್ಲ, ಕಾರಣ ಶಾಖದ ಮಾಡ್ಯೂಲ್. ಹರಳಿನ ನಡುಭಾಗ ಅಂಚಿಗಿಂತ ಬಿಸಿಯಾಗಿ, ಹರಳೇ ಪೀನ ಮಸೂರವಾಗುತ್ತದೆ. ಅದು ನೆಲೆಗೊಳ್ಳುವುದು ಸೆಕೆಂಡುಗಳ ಲೆಕ್ಕದಲ್ಲಿ. ನ್ಯಾನೊಸೆಕೆಂಡಿನ ಪಲ್ಸನ್ನೂ ಸೆಕೆಂಡುಗಳ ಶಾಖವನ್ನೂ ಒಟ್ಟಿಗೆ ಹೊಂದಿಸುವ ಕೋಡ್ ಬರೆಯುವಷ್ಟು ಪುರಸೊತ್ತು ನನಗಿಲ್ಲ.

ನನ್ನ ಅಂಕ ಐದಕ್ಕೆ ಮೂರು. ಈ ಸಲ ಮೂರು ಲೈಸೆನ್ಸಿನ ಬದಲು ಒಂದೇ ತಗೊಳ್ಳುತ್ತೇನೆ, ಅದೂ ಶಾಖದ ಕೆಲಸಕ್ಕೆ. ನೀವು ಆಗಲೇ ಕೊಂಡಿದ್ದರೆ ಟೇಬಲ್ಲಿನ ಪೀಕ್ ಪವರ್ ನಂಬಬೇಡಿ, ಶಕ್ತಿಯನ್ನು ಅಗಲದಿಂದ ಭಾಗಿಸಿ ನೋಡಿ. ಅಗಲವನ್ನೂ ಪೂರ್ತಿ ಜೂಮ್ ಮಾಡಿದ ಮೇಲೇ ಅಳೆಯಿರಿ.