‘ಟ್ರೋಪೋನಿನ್ ನಾರ್ಮಲ್’ ಅಂದಾಗ ಖುಷಿಪಟ್ಟಿದ್ದೆವು

ಮನೆ ಸಾಲಕ್ಕೆ ಇನ್ಶೂರೆನ್ಸ್ ಇದೆ ಅಂತ ನೆಮ್ಮದಿಯಾಗಿದ್ದೀರಾ? ಆ ಪಾಲಿಸಿ ಪುಸ್ತಕವನ್ನು ಇವತ್ತೇ ಬೀರುವಿನಿಂದ ತೆಗೆದು ಓದಿ. ನಾವು ಓದಿರಲಿಲ್ಲ.

2023ರಲ್ಲಿ ಮೈಸೂರಿನ ಹೂಟಗಳ್ಳಿಯಲ್ಲಿ ಮನೆ ಕೊಳ್ಳಲು 35 ಲಕ್ಷ ಸಾಲ ತೆಗೆದೆವು. 9% ಬಡ್ಡಿ, 20 ವರ್ಷ. ಸಹಿ ಹಾಕುವ ದಿನ ಬ್ಯಾಂಕಿನ ಹುಡುಗ ಇನ್ನೊಂದು ಫಾರಂ ಮುಂದಿಟ್ಟ. “ಮೇಡಂ, ದೊಡ್ಡ ಕಾಯಿಲೆ, ಕೆಲಸ ಹೋಗೋದು ಎರಡೂ ಕವರ್ ಆಗುತ್ತೆ. ಸಾರ್‌ಗೆ ಏನಾದ್ರೂ ಆದ್ರೆ ಸಾಲ ಇನ್ಶೂರೆನ್ಸ್‌ನವರೇ ಕಟ್ತಾರೆ. ಇದಿಲ್ದೆ ಫೈಲ್ ಮೇಲಕ್ಕೆ ಹೋಗಲ್ಲ.” ಪ್ರೀಮಿಯಂ 92,000. ಕೈಯಿಂದ ಕೊಡಬೇಕಿಲ್ಲ, ಸಾಲಕ್ಕೇ ಸೇರಿಸುತ್ತೇವೆ ಅಂದ. ಗೃಹಪ್ರವೇಶದ ಗಡಿಬಿಡಿಯಲ್ಲಿ ನಾವೂ ಹೂಂ ಅಂದೆವು. ಸಾಲಕ್ಕೆ ಇದು ಕಡ್ಡಾಯ ಅನ್ನುವ ನಿಯಮವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

2024ರ ನವೆಂಬರ್‌ನಲ್ಲಿ ಒಂದು ಬೆಳಗ್ಗೆ ನಮ್ಮ ಮನೆಯವರಿಗೆ ಎದೆ ಹಿಂಡಿದ ಹಾಗಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದೆವು. ಎರಡು ಬ್ಲಾಕ್, ಎರಡು ಸ್ಟೆಂಟ್. “ಟ್ರೋಪೋನಿನ್ ನಾರ್ಮಲ್ ಇದೆಯಮ್ಮಾ, ಹೃದಯದ ಸ್ನಾಯುಗೆ ಪೆಟ್ಟಾಗಿಲ್ಲ, ಬೇಗ ಕರ್ಕೊಂಡು ಬಂದ್ರಿ” ಅಂದರು ಡಾಕ್ಟರು. ಟ್ರೋಪೋನಿನ್ ಅಂದರೆ ಹೃದಯದ ಸ್ನಾಯುಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನ್. ಚಾಮುಂಡಿಗೆ ಹರಕೆ ಹೊತ್ತೆ.

ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರವಾಗಿದ್ದು ಡಾಕ್ಟರ ಆ ಮಾತಿನಿಂದಲೇ.

ಪಾಲಿಸಿಯಲ್ಲಿ ‘ಹೃದಯಾಘಾತ’ ಅಂದರೆ ಸ್ನಾಯು ಸತ್ತಿರಬೇಕು. ಇಸಿಜಿಯಲ್ಲಿ ಹೊಸ ಬದಲಾವಣೆ ಕಾಣಬೇಕು, ಟ್ರೋಪೋನಿನ್ ಏರಿರಬೇಕು. ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು, ಲೆಕ್ಕಕ್ಕಿಲ್ಲ. ಬೈಪಾಸ್‌ಗೆ ಕವರ್ ಇದೆ, ಎದೆ ತೆರೆದು ಮಾಡಿದ್ದರೂ ಸಣ್ಣ ರಂಧ್ರದಿಂದ ಮಾಡಿದ್ದರೂ, ಆದರೆ ಸ್ಟೆಂಟ್ ಹಾಕುವ ಆಂಜಿಯೋಪ್ಲಾಸ್ಟಿ ಸೇರುವುದಿಲ್ಲ. ಇದು ನಮ್ಮ ವಿಮಾ ಕಂಪನಿಯೊಂದರ ಕುತಂತ್ರವಲ್ಲ, ವಿಮಾ ನಿಯಂತ್ರಕರೇ ಕೊಟ್ಟ ವ್ಯಾಖ್ಯೆ, ಎಲ್ಲ ಕಂಪನಿಗೂ ಒಂದೇ. ಕ್ಯಾನ್ಸರಿನದೂ ಹೀಗೇ: ತೀರಾ ಮೊದಲ ಹಂತದಲ್ಲೇ ಸಿಕ್ಕಿದರೆ ಕೆಲವು ಬಗೆಗೆ ದುಡ್ಡಿಲ್ಲ. ಸ್ಟ್ರೋಕ್ ಆದರೆ ಅದರಿಂದಾದ ಮೆದುಳು-ನರಗಳ ಶಾಶ್ವತ ತೊಂದರೆ ಕನಿಷ್ಠ 3 ತಿಂಗಳು ಉಳಿದಿರಬೇಕು. ಬೇಗ ಆಸ್ಪತ್ರೆಗೆ ಓಡಿದ್ದೇ ನಮ್ಮ ತಪ್ಪಾಯಿತೇನೋ!

ಐದು ವಾರ ರಜೆ ಮುಗಿಸಿ ಹೋದರೆ, ಫ್ಯಾಕ್ಟರಿಯಲ್ಲಿ ಎಚ್‌ಆರ್‌ನವರು “ರಾಜೀನಾಮೆ ಬರೆದುಕೊಡಿ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ” ಅಂದರಂತೆ. ಇವರು ಬರೆದುಕೊಟ್ಟು ಬಂದರು. ಕೆಲಸ ಹೋದರೆ ಸಿಗುವ ಕವರ್ ಬರೀ ಮೂರು ಕಂತಿನದು, ಅದೂ ಕೆಲಸ ಕೊಟ್ಟವರೇ ತೆಗೆದುಹಾಕಿದ್ದರೆ ಮಾತ್ರ. ರಾಜೀನಾಮೆ ಅಂದ ಮೇಲೆ ಅದೂ ಹೋಯಿತು. ಇಂಥ ಪಾಲಿಸಿ ಇರುವವರು ಏನೇ ಬರೆದುಕೊಡುವ ಮುಂಚೆ ಒಂದು ರಾತ್ರಿ ಮಲಗಿ ಯೋಚಿಸಿ.

ಇನ್ನೂ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಪಾಲಿಸಿಯ ಅವಧಿ ಬರೀ 5 ವರ್ಷ. ಆದರೆ ಆ 92,000ಕ್ಕೆ ತಿಂಗಳಿಗೆ ಸುಮಾರು 828ರಂತೆ 20 ವರ್ಷ ಕಂತು ಕಟ್ಟಬೇಕು, ಹತ್ತಿರ ಹತ್ತಿರ 2 ಲಕ್ಷ. ಕವರ್ ಮುಗಿದ ಮೇಲೂ 15 ವರ್ಷ ಅದರ ಸಾಲ ತೀರಿಸುತ್ತಿರಬೇಕು.

ವಿಮಾ ಕಂಪನಿಗೆ ದೂರು ಕೊಟ್ಟು, ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ ಕಚೇರಿಗೂ ಬರೆದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ತಿರಸ್ಕಾರದ ಪತ್ರ ಬಂದು ಒಂದು ವರ್ಷದೊಳಗೆ ಹೋಗಬೇಕು. ನಮ್ಮದು ಗೆಲ್ಲಲಿಲ್ಲ, ವ್ಯಾಖ್ಯೆ ಅವರ ಕಡೆಗಿತ್ತು. ನನ್ನ ಬಳೆ ಮಾರಿ ಎರಡು ಕಂತು ಕಟ್ಟಿ, ಬ್ಯಾಂಕ್ ಮ್ಯಾನೇಜರ್ ಹತ್ತಿರ ಕೂತು ಸಾಲದ ಅವಧಿ ಉದ್ದ ಮಾಡಿಸಿಕೊಂಡೆವು. ಮೂರು ತಿಂಗಳು ಬಾಕಿ ಬಿದ್ದು ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಹೋಗಿದ್ದರೆ ಮಾತುಕತೆ ಇಷ್ಟು ಸುಲಭವಾಗುತ್ತಿರಲಿಲ್ಲ.

ಕಳೆದ ತಿಂಗಳು ನನ್ನ ತಮ್ಮನಿಗೂ ಸಾಲದ ಜೊತೆ ಇಂಥದ್ದೇ ಒಂದು ಪಾಲಿಸಿ ಅಂಟಿಸಿದ್ದರು. ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು. ಹನ್ನೆರಡನೇ ದಿನ ನಾನೇ ಜೊತೆಗೆ ಹೋಗಿ ಅರ್ಜಿ ಬರೆಸಿ, ಸೀಲ್ ಹಾಕಿಸಿಕೊಂಡು ಬಂದೆ.